ಸೋರುವ ಬಸ್ಸಿನ ವಿಡಿಯೊ ಹಾಕಿದ್ದಕ್ಕೆ ಮೆಮೊ ಬಂದಿದೆ, ಏನು ಮಾಡಲಿ?

ಪ್ರಶ್ನೆ: ಸರ್, ನಾನು ಕುಮಟಾ ಕಡೆಯವನು. ಬಸ್ ಕಂಡಕ್ಟರ್, ಹನ್ನೊಂದು ವರ್ಷ ಸರ್ವಿಸ್ ಆಗಿದೆ. ಜುಲೈನ ಜಡಿಮಳೆಯಲ್ಲಿ ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನ ಚಾವಣಿ ಸೋರಿ ಹಿಂದಿನ ಸೀಟುಗಳೆಲ್ಲ ಒದ್ದೆಯಾದವು. ಒಬ್ಬ ಅಜ್ಜಿ ಬಸ್ಸಿನೊಳಗೇ ಕೊಡೆ ಬಿಚ್ಚಿ ಕೂತರು. ಅದನ್ನು ಹದಿನೆಂಟು ಸೆಕೆಂಡ್ ವಿಡಿಯೊ ಮಾಡಿ ನಮ್ಮ ಡಿಪೋ ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಯಾರೋ ಹೊರಗೆ ಕಳಿಸಿದರು. ಎರಡೇ ದಿನದಲ್ಲಿ ಫೇಸ್‌ಬುಕ್ ತುಂಬ ಅದೇ. ಈಗ ‘ಸಂಸ್ಥೆಯ ಹೆಸರಿಗೆ ಧಕ್ಕೆ’ ಅಂತ ನನಗೆ ಮೆಮೊ ಬಂದಿದೆ. ಹೆಂಡತಿಯ ತಮ್ಮ ರೈಲಿನಲ್ಲಿ ಪಾಯಿಂಟ್ಸ್‌ಮನ್. ಅವನು ಯೂನಿಫಾರ್ಮಿನಲ್ಲೇ ಹಸಿರು ಬಾವುಟ ಬೀಸುತ್ತಾ ರೀಲ್ಸ್ ಮಾಡುತ್ತಾನೆ, ಸಾವಿರಾರು ಲೈಕ್ ಬರುತ್ತವೆ. ಅವನನ್ನು ಯಾರೂ ಕೇಳಿಲ್ಲ. ನನ್ನ ಮೊಬೈಲು, ನನ್ನ ಡೇಟಾ, ಹೇಳಿದ್ದು ಸತ್ಯ. ಕೇಳಲಿಕ್ಕೆ ಇವರಿಗೆ ಹಕ್ಕಿದೆಯಾ?

ಉತ್ತರ: ಸರ್ಕಾರಿ ಬಸ್ಸೋ ಖಾಸಗಿಯೋ, ಯಾವ ಡಿಪೋ ಎಂದು ನೀವು ಬರೆದಿಲ್ಲ. ಒಳ್ಳೆಯದೇ ಆಯಿತು. ಆ ಎಚ್ಚರ ವಿಡಿಯೊ ಹಾಕುವಾಗಲೂ ಇದ್ದಿದ್ದರೆ ಈ ಪತ್ರವೇ ಬೇಕಿರಲಿಲ್ಲ, ಅಲ್ವಾ? ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಇಲಾಖಾ ವಿಚಾರಣೆಗಳಲ್ಲಿ ನೌಕರರ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತವನು ನಾನು. ಈಗೀಗ ಬರುವ ಕೇಸುಗಳಲ್ಲಿ ಟಿಕೆಟ್ ದುಡ್ಡಿನ ವಿಷಯ ಕಡಿಮೆಯಾಗಿ ಮೊಬೈಲಿನ ವಿಷಯ ಜಾಸ್ತಿಯಾಗಿದೆ.

ಮೊದಲು ಮೆಮೊ. ಅದು ಶಿಕ್ಷೆ ಅಲ್ಲ, ನಿಮ್ಮನ್ನು ಕೇಳಿರುವ ಪ್ರಶ್ನೆ. ಮತ್ತೊಮ್ಮೆ ಓದಿ ನೋಡಿ. ಬರೀ ವಿವರಣೆ ಕೇಳಿದ್ದಾರೋ, ಆರೋಪ ಪಟ್ಟಿಯನ್ನೇ ಕೊಟ್ಟಿದ್ದಾರೋ? ಎರಡಕ್ಕೂ ಬಹಳ ವ್ಯತ್ಯಾಸ ಇದೆ. ನಿಮ್ಮದು ರಾಜ್ಯದ ರಸ್ತೆ ಸಾರಿಗೆ ನಿಗಮದ ಕೆಲಸವಾದರೆ 1971ರ ನಡತೆ ಮತ್ತು ಶಿಸ್ತು ನಿಯಮಾವಳಿ ನಿಮಗೆ ಅನ್ವಯಿಸುತ್ತದೆ. ಖಾಸಗಿಯಾದರೆ ನೇಮಕದ ಪತ್ರ ಮತ್ತು ಕಂಪನಿಯ ಸ್ಥಾಯಿ ಆದೇಶ, ಅಂದರೆ ಕೆಲಸದ ಷರತ್ತುಗಳ ನಿಯಮ, ನೋಡಬೇಕು. ಯಾವ ನಿಯಮ ಮುರಿದಿದ್ದೀರಿ ಎಂದು ಮೆಮೊದಲ್ಲಿ ಸಂಖ್ಯೆ ಸಮೇತ ಬರೆದಿಲ್ಲದಿದ್ದರೆ ಮೊದಲು ಅದನ್ನೇ ಬರವಣಿಗೆಯಲ್ಲಿ ಕೇಳಿ. ಜೊತೆಗೆ ಅವರು ಸಾಕ್ಷಿಯಾಗಿ ಇಟ್ಟುಕೊಂಡಿರುವ ವಿಡಿಯೊದ ಪ್ರತಿಯನ್ನೂ ಕೇಳಿ. ಫೇಸ್‌ಬುಕ್ಕಿನಲ್ಲಿ ಓಡಾಡಿದ್ದು ನಿಮ್ಮ ಹದಿನೆಂಟು ಸೆಕೆಂಡೇ ಇರಬೇಕೆಂದಿಲ್ಲ. ನಡುವೆ ಯಾರೋ ಹಾಡು ಸೇರಿಸಿರುತ್ತಾರೆ, ಮೇಲೆ ಬೈಗುಳ ಬರೆದಿರುತ್ತಾರೆ. ಅದಕ್ಕೆಲ್ಲ ನೀವು ಉತ್ತರ ಕೊಡಬೇಕಾಗಿಲ್ಲ.

ನಿಮ್ಮ ಫೋನಿನಲ್ಲಿರುವ ಮೂಲ ವಿಡಿಯೊ ಅಳಿಸಬೇಡಿ. ಹೆದರಿಕೆಯಲ್ಲಿ ಎಲ್ಲರೂ ಮೊದಲು ಮಾಡುವ ತಪ್ಪು ಅದು. ಎಷ್ಟು ಹೊತ್ತಿಗೆ ತೆಗೆದಿರಿ, ಯಾವ ಗ್ರೂಪಿಗೆ ಹಾಕಿದಿರಿ ಎನ್ನುವುದಕ್ಕೆ ನಿಮ್ಮ ಹತ್ತಿರ ಇರುವ ಸಾಕ್ಷಿ ಅದೊಂದೇ. ‘ಹೊರಗೆ ಕಳಿಸಿದ್ದು ಯಾರು ಹೇಳ್ರೋ’ ಎಂದು ಗ್ರೂಪಿನಲ್ಲಿ ಜಗಳಕ್ಕೂ ಇಳಿಯಬೇಡಿ. ಆ ಸ್ಕ್ರೀನ್‌ಶಾಟೂ ನಾಳೆ ಸಾಹೇಬರ ಮೇಜಿನ ಮೇಲೆ ಇರುತ್ತದೆ.

ಇನ್ನು ‘ಸತ್ಯ ಹೇಳಿದ್ದು’ ಎನ್ನುವ ಮಾತು. ನೌಕರಿಗೆ ಸೇರಿದ ಕೂಡಲೇ ಮಾತಿನ ಹಕ್ಕು ಹೋಗುವುದಿಲ್ಲ. ಇದು ಇವತ್ತಿನ ಮಾತೂ ಅಲ್ಲ. 1962ರಲ್ಲೇ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರರಿಗೂ ಮೂಲಭೂತ ಹಕ್ಕು ಇದೆ ಎಂದಿತು. ಯಾವ ರೀತಿಯ ಪ್ರದರ್ಶನವನ್ನೂ ಮಾಡಬಾರದು ಎಂದಿದ್ದ ಬಿಹಾರ ಸರ್ಕಾರದ ನಿಯಮವನ್ನು ರದ್ದು ಮಾಡಿತು. ಅದೇ ತೀರ್ಪಿನಲ್ಲಿ ಮುಷ್ಕರದ ಹಕ್ಕನ್ನು ಮಾತ್ರ ಒಪ್ಪಲಿಲ್ಲ. 2020ರ ಜನವರಿಯಲ್ಲಿ ತ್ರಿಪುರಾ ಹೈಕೋರ್ಟಿನ ಮುಂದೆ ಮೀನುಗಾರಿಕೆ ಇಲಾಖೆಯ ಮಹಿಳಾ ನೌಕರರೊಬ್ಬರ ಕೇಸು ಬಂತು. ರಾಜಕೀಯ ಸಭೆಗೆ ಹೋಗಿದ್ದು, ಫೇಸ್‌ಬುಕ್ಕಿನಲ್ಲಿ ಬರೆದಿದ್ದು ಅವರ ಮೇಲಿನ ಆರೋಪ. ನಿವೃತ್ತಿಗೆ ಕೆಲವೇ ದಿನ ಇರುವಾಗ ಸಸ್ಪೆಂಡ್ ಮಾಡಿದ್ದರು. ನಡತೆ ನಿಯಮದ ಗೆರೆಯೊಳಗೆ ತನ್ನ ನಂಬಿಕೆಯನ್ನು ಇಟ್ಟುಕೊಳ್ಳುವ, ಹೇಳಿಕೊಳ್ಳುವ ಹಕ್ಕು ಆಕೆಗಿದೆ ಎಂದು ಕೋರ್ಟು ಆರೋಪ ಪಟ್ಟಿಯನ್ನೇ ತೆಗೆದುಹಾಕಿತು.

ಈ ತೀರ್ಪುಗಳ ಫಾರ್ವರ್ಡ್ ನೋಡಿ ‘ಏನು ಬೇಕಾದರೂ ಬರೆಯಬಹುದು’ ಎಂದು ಎದೆಯುಬ್ಬಿಸುವವರು ತುಂಬ ಜನ. ಗೆರೆಯೊಳಗೆ ಎನ್ನುವ ಶಬ್ದವನ್ನು ಅವರು ಓದಿರುವುದಿಲ್ಲ. ರೈಲ್ವೆ ನೌಕರರಿಗೆ 1966ರ ರೈಲ್ವೆ ಸೇವಾ ನಡತೆ ನಿಯಮಗಳಿವೆ. ಮಾಧ್ಯಮಗಳ ಜೊತೆ ಸಂಬಂಧಕ್ಕೆ 8ನೆಯ ನಿಯಮ, ಸರ್ಕಾರದ ಟೀಕೆಗೆ 9, ಕಚೇರಿಯ ಮಾಹಿತಿ ಹೊರಗೆ ಕೊಡುವುದಕ್ಕೆ 11. ಇವು ಹುಟ್ಟುವಾಗ ಫೇಸ್‌ಬುಕ್ ಇರಲಿಲ್ಲ, ಪೇಪರಿಗೆ ಪತ್ರ ಬರೆಯುವುದೇ ದೊಡ್ಡ ಸಂಗತಿ. ಆದರೆ ಇವತ್ತಿನ ಪೋಸ್ಟನ್ನೂ ಇದೇ ಅಳತೆಗೋಲಿನಲ್ಲಿ ಅಳೆಯುತ್ತಾರೆ. ಸತ್ಯ ಎನ್ನುವುದು ನಿಮ್ಮ ಪರವಾಗಿ ಒಂದು ಅಂಶ, ಅಷ್ಟೇ. ‘ಸತ್ಯವನ್ನು ಮೊದಲು ನಮಗೆ ಯಾಕೆ ಹೇಳಲಿಲ್ಲ?’ ಎನ್ನುವುದು ವಿಚಾರಣಾಧಿಕಾರಿಯ ಮುಂದಿನ ಪ್ರಶ್ನೆ.

ನಿಮ್ಮ ಕೇಸು ನಿಂತಿರುವುದೇ ಅಲ್ಲಿ. ಆ ಬಸ್ಸು ಸೋರುತ್ತದೆ ಎಂದು ನೀವಾಗಲಿ ಡ್ರೈವರ್ ಆಗಲಿ ಡಿಪೋದಲ್ಲಿ ಬರೆದುಕೊಟ್ಟಿದ್ದಿರಾ? ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ದೋಷ ಬರೆಯುವ ಪುಸ್ತಕದಲ್ಲಿ ಬಸ್ ನಂಬರು, ತಾರೀಕು, ಸಹಿ ಇದೆಯಾ? ಇದ್ದರೆ ನಿಮ್ಮ ಉತ್ತರದ ಮೊದಲ ಸಾಲೇ ಅದಾಗಬೇಕು. ಡ್ರೈವರನ್ನು ಕೇಳಿ, ಮೆಕ್ಯಾನಿಕ್ಕನ್ನೂ ಕೇಳಿ. ಹಿಂದಿನ ವಾರ ಬೇರೆಯವರು ಬರೆದಿದ್ದರೂ ಆದೀತು. ಆ ಪುಟದ ಪ್ರತಿ ಕೊಡಿ ಎಂದು ಅರ್ಜಿ ಹಾಕಿ. ಕೊಡದಿದ್ದರೆ, ನಿಮ್ಮದು ನಿಗಮವಾದರೆ, ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ನೌಕರನೂ ಒಬ್ಬ ನಾಗರಿಕನೇ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಹಿಂದೆ ಯಾರೂ ಬರೆದಿಲ್ಲ ಅಂದರೆ ಇವತ್ತಿನ ತಾರೀಕಿನಲ್ಲೇ ಬರೆದುಕೊಡಿ. ಹಳೆಯ ತಾರೀಕು ಹಾಕುವ ಬುದ್ಧಿ ಯಾರಾದರೂ ಹೇಳಿಕೊಟ್ಟರೆ ಅವರ ಹತ್ತಿರ ಚಹಾ ಕುಡಿದು ವಾಪಸ್ ಬನ್ನಿ. ಅದು ಸೋರುವ ಬಸ್ಸಿಗಿಂತ ದೊಡ್ಡ ಅಪರಾಧ.

‘ನಾನು ಹಾಕಿದ್ದು ನಮ್ಮದೇ ಗ್ರೂಪಿಗೆ’ ಎಂದಿದ್ದೀರಿ. ನೂರೈವತ್ತು ಜನ ಇರುವ ಗ್ರೂಪು ಮನೆಯ ಜಗುಲಿ ಅಲ್ಲ, ಸಂತೆಪೇಟೆ. ಆದರೂ ನೇರವಾಗಿ ಲೋಕಕ್ಕೆಲ್ಲ ಹಾಕುವುದಕ್ಕೂ ಸಹೋದ್ಯೋಗಿಗಳಿಗೆ ಮಾತ್ರ ತೋರಿಸುವುದಕ್ಕೂ ಉದ್ದೇಶದಲ್ಲಿ ವ್ಯತ್ಯಾಸ ಇದೆ. ಅದನ್ನು ಉತ್ತರದಲ್ಲಿ ಎರಡು ವಾಕ್ಯದಲ್ಲಿ ಹೇಳಿ. ಗ್ರೂಪಿನ ಅಡ್ಮಿನ್ ಪಾಪ ಹೆದರಿಕೊಂಡಿದ್ದರೆ ಸಮಾಧಾನ ಹೇಳಿ. ಬೇರೆ ಸದಸ್ಯ ಹಾಕಿದ್ದಕ್ಕೆ ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಹೊಣೆ ಹೊರಿಸಲು ಆಗುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟು, 2022ರಲ್ಲಿ ಕೇರಳ ಹೈಕೋರ್ಟು ಹೇಳಿವೆ. ಅವು ಕ್ರಿಮಿನಲ್ ಕೇಸುಗಳು, ಇಲಾಖಾ ವಿಚಾರಣೆಯ ಅಳತೆ ಬೇರೆ. ಆದರೂ ಹೇಳಿಕೊಳ್ಳಲು ಒಂದು ಆಧಾರ.

ನಿಮ್ಮ ವಿಡಿಯೊದಲ್ಲಿ ನಿಜವಾಗಿ ನನ್ನನ್ನು ಚುಚ್ಚಿದ್ದು ಬೇರೆ. ಕೊಡೆ ಹಿಡಿದ ಆ ಅಜ್ಜಿ. ಅವರ ಮುಖ ಕಾಣುತ್ತದಾ? ಕಂಡರೆ ನಿಮ್ಮ ಉತ್ತರದ ಬಲಹೀನ ಜಾಗ ಅದೇ. ಅವರು ಟಿಕೆಟ್ ತಗೊಂಡು ಕೂತಿದ್ದು ಸಿರ್ಸಿಗೆ ಹೋಗಲು, ಊರೆಲ್ಲ ನಗಲಿಕ್ಕೆ ಅಲ್ಲ. ನೀರು ಬೀಳುವ ಜಾಗ, ಒದ್ದೆ ಸೀಟು, ಬಸ್ಸಿನ ನಂಬರು ತೋರಿಸಿದ್ದರೆ ಸಾಕಿತ್ತು. ಕಂಡಕ್ಟರುಗಳು ಈ ವಿಷಯದಲ್ಲಿ ತುಂಬ ಜಾರುತ್ತಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಶೂನ್ಯ ಟಿಕೆಟ್ಟಿನ ಜಗಳಗಳು ಎಷ್ಟು ವಿಡಿಯೊ ಆಗಿವೆ ನೋಡಿ. ಆಧಾರ್ ಕಾರ್ಡಿನ ಫೋಟೊ ತೆಗೆದು ‘ನೋಡಿ ಎಂಥ ಕಾರ್ಡ್ ತಂದಿದ್ದಾರೆ’ ಎಂದು ಗ್ರೂಪಿಗೆ ಹಾಕುವವರನ್ನು ನಾನೇ ಕಂಡಿದ್ದೇನೆ. ರೈಲಿನಲ್ಲಿ ಟಿಟಿಇಗಳೂ ಕಡಿಮೆಯಿಲ್ಲ, ಟಿಕೆಟ್ ಇಲ್ಲದವನನ್ನು ಹಿಡಿದು ಮುಖ ಸಮೇತ ಹಾಕುತ್ತಾರೆ. ದಂಡ ಹಾಕುವ ಅಧಿಕಾರ ಇದೆ, ಮಾನ ಕಳೆಯುವ ಅಧಿಕಾರ ಯಾರೂ ಕೊಟ್ಟಿಲ್ಲ. ಹಾಗಾಗಿ ಉತ್ತರದಲ್ಲಿ ವಿಷಾದ ಅಂತ ಬರೆಯುವುದಿದ್ದರೆ ಆ ಪ್ರಯಾಣಿಕರ ಮುಖ ಕಂಡಿದ್ದಕ್ಕೆ ಬರೆಯಿರಿ. ಬಸ್ ಸೋರಿದ್ದಕ್ಕೆ ನೀವು ಕ್ಷಮೆ ಕೇಳಬೇಡಿ.

ಈಗ ಭಾವಮೈದನ ವಿಷಯಕ್ಕೆ ಬರುತ್ತೇನೆ. ನಿಮಗೆ ಅವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಇದ್ದಂತಿದೆ. ನನ್ನ ಲೆಕ್ಕದಲ್ಲಿ ಅವನು ನಿಮಗಿಂತ ಹತ್ತು ಪಟ್ಟು ದೊಡ್ಡ ಅಪಾಯದಲ್ಲಿದ್ದಾನೆ. ಯಾರೂ ಕೇಳಿಲ್ಲ ಅಂದರೆ ಇನ್ನೂ ಕೇಳಿಲ್ಲ ಎಂದಷ್ಟೇ.

ಪಾಯಿಂಟ್ಸ್‌ಮನ್ ಬಾವುಟ ಹಿಡಿದು ನಿಲ್ಲುವುದು ಶೋಭೆಗಲ್ಲ. ಓಡುವ ಗಾಡಿಯ ಪ್ರತಿ ಬೋಗಿಯನ್ನೂ ಅವನು ಕಣ್ಣಿಟ್ಟು ನೋಡಬೇಕು. ಗಾಲಿಯ ಅಚ್ಚು ಬಿಸಿಯಾಗಿ ಹೊಗೆ ಬರುತ್ತಿದೆಯಾ, ಕೆಳಗೆ ಏನಾದರೂ ತೂಗಾಡುತ್ತಿದೆಯಾ, ಬಾಗಿಲು ತೆರೆದಿದೆಯಾ. ಎಲ್ಲ ಸರಿ ಇದ್ದರೆ ಮಾತ್ರ ಗಾಡಿ ಓಡಿಸುವ ಲೋಕೊ ಪೈಲಟ್‌ಗೂ ಹಿಂದಿನ ಗಾರ್ಡಿಗೂ ಸರಿ ಇದೆ ಎಂಬ ಸಂಜ್ಞೆ. ಆ ಅರ್ಧ ನಿಮಿಷದಲ್ಲಿ ಅವನ ಕಣ್ಣು ತನ್ನದೇ ಮುಖ ಕಾಣುವ ಸ್ಕ್ರೀನಿನ ಮೇಲಿದ್ದರೆ ಬಾವುಟ ಬೀಸಿಯೂ ಏನು ಪ್ರಯೋಜನ? ರೀಲ್ಸ್ ಕೆಳಗೆ ‘ಸೂಪರ್ ಅಣ್ಣಾ’ ಎನ್ನುವವರಿಗೆ ಇದು ಗೊತ್ತಿಲ್ಲ. ರೈಲ್ವೆಯ ಸಂಚಾರ ವಿಭಾಗದ ಇನ್‌ಸ್ಪೆಕ್ಟರಿಗೆ ಗೊತ್ತು. ಆ ರೀಲೇ ಅವನ ವಿರುದ್ಧದ ಸಾಕ್ಷಿ. ತಾರೀಕು, ಗಾಡಿ, ಜಾಗ ಎಲ್ಲ ಅದರಲ್ಲೇ ಇದೆ.

ನಮ್ಮ ಕರಾವಳಿಯ ರೈಲು ದಾರಿ ಹೇಗಿದೆ ನೋಡಿ. ಕಾರವಾರದಿಂದ ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರೆಗೆ ಒಂದೇ ಹಳಿ. ಎದುರು ಬರುವ ಗಾಡಿಗಳು ನಿಲ್ದಾಣದಲ್ಲಿ ಒಂದಕ್ಕೊಂದು ದಾರಿ ಬಿಟ್ಟುಕೊಡಬೇಕು. ಜರ್ಮನಿಯ ಬಾಡ್ ಐಬ್ಲಿಂಗ್‌ನಲ್ಲೂ ಹೀಗೇ ಒಂದೇ ಹಳಿ. 2016ರ ಫೆಬ್ರವರಿ 9ರಂದು ಅಲ್ಲಿ ಎರಡು ಪ್ಯಾಸೆಂಜರ್ ಗಾಡಿಗಳು ಮುಖಾಮುಖಿ ಗುದ್ದಿ 12 ಜನ ಸತ್ತರು. ಗಾಡಿ ಬಿಡುವ ಕೆಲಸದಲ್ಲಿದ್ದವನು ಆಗ ಮೊಬೈಲಿನಲ್ಲಿ ಗೇಮ್ ಆಡುತ್ತಿದ್ದ. ಅವನಿಗೆ ಮೂರೂವರೆ ವರ್ಷ ಜೈಲಾಯಿತು. ಅದಕ್ಕೂ ಮೊದಲು, 2008ರ ಸೆಪ್ಟೆಂಬರ್ 12ರಂದು, ಅಮೆರಿಕದ ಲಾಸ್ ಏಂಜಲಿಸ್ ಹತ್ತಿರ ಚಾಟ್ಸ್‌ವರ್ತ್‌ನಲ್ಲಿ ಲೋಕಲ್ ಗಾಡಿಯ ಚಾಲಕ ಕೆಂಪು ಸಿಗ್ನಲ್ ದಾಟಿ ಗೂಡ್ಸ್‌ಗೆ ಗುದ್ದಿದ. 25 ಜನ ಹೋದರು. ಗುದ್ದುವ 22 ಸೆಕೆಂಡ್ ಮೊದಲು ಅವನ ಫೋನಿನಿಂದ ಕೊನೆಯ ಮೆಸೇಜ್ ಹೋಗಿತ್ತು. ಆ ಮೆಸೇಜು ಯಾರಿಗೆ ಗೊತ್ತಾ? ರೈಲು ಎಂದರೆ ಪ್ರಾಣ ಬಿಡುವ ಒಬ್ಬ ಹುಡುಗನಿಗೆ. ಅಂಥ ಅಭಿಮಾನಿ ಹುಡುಗರ ಜೊತೆ ಅವನ ಮಾತುಕತೆ ಹಿಂದಿನಿಂದಲೂ ನಡೆದಿತ್ತು. ಒಬ್ಬನ ಕೈಗೆ ಗಾಡಿ ಕೊಟ್ಟು ಓಡಿಸಲು ಬಿಡುವ ಮಾತೂ ಆಗಿತ್ತೆಂದು ತನಿಖೆಯಲ್ಲಿ ಹೊರಬಂತು. ಈಗಿನ ಭಾಷೆಯಲ್ಲಿ ಅವರು ಫಾಲೋವರ್ಸ್. ಲೈಕ್ ಕೊಡುವವರನ್ನು ಮೆಚ್ಚಿಸುವ ಚಟ ಎಲ್ಲಿಗೆ ಮುಟ್ಟಿಸುತ್ತದೆ ಎಂದು ಹೊಸ ಹುಡುಗರಿಗೆ ಹೇಳುವಾಗ ನಾನು ಈ ಕಥೆಯನ್ನೇ ಹೇಳುವುದು. ಮೊದಲು ಮೆಸೇಜ್, ಆಮೇಲೆ ಕ್ಯಾಬಿನ್ ತೋರಿಸುವುದು, ಆಮೇಲೆ ಹ್ಯಾಂಡಲ್ ಕೊಡುವುದು.

ನಮ್ಮಲ್ಲೂ ಗಾಡಿ ಓಡಿಸುವಾಗ ಲೋಕೊ ಪೈಲಟ್ ಮೊಬೈಲ್ ಬಳಸುವಂತಿಲ್ಲ. ಕರ್ತವ್ಯದಲ್ಲಿರುವಾಗ ಪ್ರಯಾಣಿಕರ ಜೀವಕ್ಕೆ ಅಪಾಯ ತಂದ ರೈಲ್ವೆ ನೌಕರನಿಗೆ 1989ರ ರೈಲ್ವೆ ಕಾಯ್ದೆಯ 175ನೆಯ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು ಆಗಬಹುದು. ಬಸ್ ಡ್ರೈವರ್ ಕೈಯಲ್ಲಿ ಮೊಬೈಲ್ ಹಿಡಿದು ಓಡಿಸಿದರೆ ಅದು ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನಲ್ಲಿ ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ ಆರು ತಿಂಗಳಿಂದ ಒಂದು ವರ್ಷದ ಜೈಲು, ಇಲ್ಲವೇ ಒಂದು ಸಾವಿರದಿಂದ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ನಮ್ಮ ಕರಾವಳಿಯ ರೈಲು ದಾರಿ ಪೂರ್ತಿ ವಿದ್ಯುತ್ ಮಾರ್ಗವಾದ ಮೇಲೆ ತಲೆ ಮೇಲೆ 25,000 ವೋಲ್ಟಿನ ತಂತಿ ಇದೆ, ಸೆಲ್ಫಿ ಕೋಲು ಹಿಡಿದು ವ್ಯಾಗನ್ ಹತ್ತುವವರಿಗೆ ಅದು ನೆನಪಿರಲಿ.

ಕಾರವಾರದ ಕಡೆಯವರಿಗೆ ಮಾತ್ರ ಅನ್ವಯಿಸುವ ಇನ್ನೊಂದು ಎಚ್ಚರ ಇದೆ. ಹೆದ್ದಾರಿ 66ರಲ್ಲಿ ಬಸ್ಸು ಅರಗಾ ದಾಟುವಾಗ ಪಕ್ಕದಲ್ಲೇ ನೌಕಾನೆಲೆ, ಐಎನ್‌ಎಸ್ ಕದಂಬ. ಹೆದ್ದಾರಿ ಬಿಟ್ಟು ಒಳನಾಡಿನ ಕಡೆ ಹೋದರೆ ಕೈಗಾ ಅಣು ವಿದ್ಯುತ್ ಸ್ಥಾವರ. ‘ನನ್ನ ರೂಟಿನ ಒಂದು ದಿನ’ ಎಂದು ಡ್ಯೂಟಿಯ ವ್ಲಾಗ್ ಮಾಡುವವರು ಕಿಟಕಿಯಿಂದ ಕ್ಯಾಮೆರಾ ತಿರುಗಿಸಿ ಎಲ್ಲವನ್ನೂ ಹಿಡಿಯುತ್ತಾರೆ. ನಿಷೇಧಿತ ಜಾಗದ ಚಿತ್ರ ಎಂದಾದರೆ ಅದು 1923ರ ಅಧಿಕೃತ ರಹಸ್ಯ ಕಾಯ್ದೆಯ ವಿಷಯ. ಆಗ ಡಿಪೋ ಮ್ಯಾನೇಜರ್ ಮೆಮೊ ನೆನೆದು ‘ಅದೇ ಎಷ್ಟೋ ಚೆನ್ನಾಗಿತ್ತು’ ಅನ್ನಿಸುತ್ತದೆ. ಸೇನೆಯ ಸಾಮಾನು ಹೊತ್ತ ಗಾಡಿ ನಿಲ್ದಾಣಕ್ಕೆ ಬಂದರೆ ನಿಮ್ಮ ಭಾವಮೈದ ಫೋನನ್ನು ಜೇಬಿನಿಂದ ತೆಗೆಯುವುದೇ ಬೇಡ.

ಮಳೆಗಾಲದ ಸುದ್ದಿಗಳ ಬಗ್ಗೆ ಒಂದು ಮಾತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ಕ್ಕೆ, ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಆ ದಿನಗಳಲ್ಲಿ ನನ್ನ ಫೋನಿಗೆ ಬಂದ ಫಾರ್ವರ್ಡುಗಳಲ್ಲಿ ‘ನಮ್ಮ ಕಂಡಕ್ಟರ್ ಹೇಳಿದ್ದು’ ಎಂದು ಶುರುವಾದವು ಸುಮಾರಿದ್ದವು. ಖಾಕಿ ಹಾಕಿದವರು ‘ಅರಬೈಲ್ ಘಟ್ಟ ಬಂದ್’ ಎಂದರೆ ಜನ ಅದನ್ನು ಅಧಿಕೃತ ಪ್ರಕಟಣೆ ಎಂದೇ ನಂಬುತ್ತಾರೆ, ಹೊರಟವರು ವಾಪಸ್ ಹೋಗುತ್ತಾರೆ. ರೈಲಿನವರ ಮಾತಿಗೆ ಇನ್ನೂ ತೂಕ ಜಾಸ್ತಿ. 2003ರ ಜೂನ್ 22ರಂದು ಕಾರವಾರದಿಂದ ಮುಂಬೈಗೆ ಹೊರಟ ವಿಶೇಷ ಗಾಡಿ ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಕುಸಿದ ಮಣ್ಣು ಬಂಡೆಗೆ ಸಿಕ್ಕಿ ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದು ಈ ಊರು ಮರೆತಿಲ್ಲ. ಅದಕ್ಕೇ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ, ಹಳಿ ಮೇಲೆ ಗಸ್ತು, ಜೋರು ಮಳೆಯಲ್ಲಿ ದಾರಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರ್ ವೇಗ. ಗಸ್ತಿನವನಿಗೆ ಹಳಿ ಮೇಲೆ ಕಲ್ಲು ಕಂಡರೆ ಮೊದಲು ಗಾಡಿ ನಿಲ್ಲಿಸಬೇಕು, ಆಮೇಲೆ ಸ್ಟೇಷನ್ನಿಗೆ ತಿಳಿಸಬೇಕು. ಫೋಟೊ ತೆಗೆದು ಗ್ರೂಪಿಗೆ ಹಾಕಿ ‘ಹೇಳಿದ್ದೆನಲ್ಲ’ ಅನ್ನುವುದು ಹೇಳಿದಂತೆ ಆಗುವುದಿಲ್ಲ.

ಯೂಟ್ಯೂಬಿನ ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೆ ಸಾವಿರಾರು ಲೈಕ್ ಎಂದ ಮೇಲೆ ಹುಡುಗನ ತಲೆಯಲ್ಲಿ ಅದು ಇದ್ದೇ ಇರುತ್ತದೆ. ರೈಲ್ವೆಯ ನಡತೆ ನಿಯಮಗಳಲ್ಲಿ 15ನೆಯದು ಖಾಸಗಿ ವ್ಯಾಪಾರ, ಬೇರೆ ಕೆಲಸಗಳ ಬಗ್ಗೆ. ಅಪರೂಪಕ್ಕೆ ಮಾಡುವ ಸಾಹಿತ್ಯ, ಕಲೆ, ವಿಜ್ಞಾನದ ಕೆಲಸಕ್ಕೆ ಅಲ್ಲಿ ಜಾಗ ಇದೆ. ನಮ್ಮ ಕಡೆ ಹಗಲು ಡ್ಯೂಟಿ ಮಾಡಿ ರಾತ್ರಿ ಬಡಗುತಿಟ್ಟಿನ ಯಕ್ಷಗಾನದ ವೇಷ ಕಟ್ಟುವವರು ಎಷ್ಟು ಜನ ಇಲ್ಲ! ಅವರ ಆಟದ ವಿಡಿಯೊ ಹಾಕಿದರೆ ಯಾರೂ ತಕರಾರು ಮಾಡುವುದಿಲ್ಲ, ಮಾಡಬಾರದು. ಆದರೆ ಪ್ರತಿ ವಾರ ವಿಡಿಯೊ, ಪ್ರತಿ ತಿಂಗಳು ದುಡ್ಡು, ಮೇಲೆ ಜಾಹೀರಾತು ಎಂದಾದರೆ ಅದು ಅಪರೂಪದ ಕಲೆ ಅಲ್ಲ, ವ್ಯವಹಾರ. ಮೊದಲೇ ಅನುಮತಿ ಕೇಳಿ ಒಂದು ಅರ್ಜಿ ಕೊಡಲಿ. ಅವನು ಕೆಲಸ ಮಾಡುವ ಸಂಸ್ಥೆಗೆ ತನ್ನದೇ ನಿಯಮ ಇದ್ದರೆ ಅದನ್ನೂ ಓದಲಿ. ಯೂನಿಫಾರ್ಮು, ಡ್ಯೂಟಿ ಹೊತ್ತು, ನಿಲ್ದಾಣದ ಒಳಭಾಗ ಇವು ಮೂರನ್ನೂ ಬಿಟ್ಟು ಹೊನ್ನಾವರದ ಶರಾವತಿ ಸೇತುವೆ ಮೇಲೆ ಗಾಡಿ ಹೋಗುವುದನ್ನು ದೂರದ ದಡದಿಂದ ತೆಗೆಯಲಿ. ಚೆಂದ ಬರುತ್ತದೆ, ತಲೆನೋವೂ ಇಲ್ಲ.

ಮೇಲಧಿಕಾರಿಗಳನ್ನೂ ನಾನು ಸುಮ್ನೆ ಬಿಡುವುದಿಲ್ಲ. ವಿಡಿಯೊ ವೈರಲ್ ಆದ ಮೇಲೆ ಮೆಮೊ ಟೈಪ್ ಮಾಡಲು ಒಂದು ಗಂಟೆ ಸಾಕು, ಚಾವಣಿ ರಿಪೇರಿಗೆ ಮಾತ್ರ ತಿಂಗಳು ಬೇಕು. ನೌಕರ ಗ್ರೂಪಿಗೆ ಹಾಕುವುದು ಬೇರೆ ಕಡೆ ಹೇಳಿದರೆ ಕೇಳುವವರು ಇಲ್ಲ ಎಂದು ಅನ್ನಿಸಿದಾಗ. ಬ್ರಿಟನ್ನಿನ ರೈಲುಗಳಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಶುರುವಾದ ಸಿರಾಸ್ ಎಂಬ ವ್ಯವಸ್ಥೆ ಅದು. ಸುರಕ್ಷತೆಯ ದೂರನ್ನು ನೌಕರ ಅಲ್ಲಿಗೆ ಹೇಳಿದರೆ ಅವನ ಹೆಸರು ಮುಚ್ಚಿಟ್ಟು ಕಂಪನಿಯನ್ನು ಉತ್ತರ ಕೇಳುತ್ತಾರೆ. ನಮ್ಮ ಕೇಂದ್ರ ಸರ್ಕಾರದ 2004ರ ನಿರ್ಣಯದ ಪ್ರಕಾರ ಕೇಂದ್ರದ ಉದ್ಯಮಗಳ ನೌಕರರು ಕೇಂದ್ರ ವಿಚಕ್ಷಣಾ ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ದೂರು ಕೊಡಬಹುದು, ಹೆಸರು ಗುಟ್ಟಾಗಿ ಇರುತ್ತದೆ. ಆದರೆ ಅದು ಭ್ರಷ್ಟಾಚಾರ, ಅಧಿಕಾರ ದುರುಪಯೋಗದ ದೂರುಗಳಿಗೆ. ನಿಮ್ಮ ಭಾವಮೈದನಿಗೆ ಎಂದಾದರೂ ಬೇಕಾಗಬಹುದು, ಸೋರುವ ಬಸ್ಸಿಗೆ ಉಪಯೋಗ ಇಲ್ಲ. ಬಸ್ಸಿಗೆ ದೋಷ ಪುಸ್ತಕ, ಅದರ ಪ್ರತಿ, ವಾರ ಬಿಟ್ಟು ಜ್ಞಾಪನ ಪತ್ರ, ಯೂನಿಯನ್ ಮೂಲಕ ವಿಭಾಗದ ಅಧಿಕಾರಿಗೆ ಪತ್ರ. ನಿಧಾನದ ದಾರಿ, ಒಪ್ಪುತ್ತೇನೆ. ಆದರೆ ಪ್ರತಿ ಹೆಜ್ಜೆಗೂ ನಿಮ್ಮ ಕೈಯಲ್ಲಿ ಒಂದು ಕಾಗದ ಉಳಿಯುತ್ತದೆ. ನಾನು ಕೂತ ವಿಚಾರಣೆಗಳಲ್ಲಿ ನೌಕರ ಬಚಾವಾಗಿದ್ದು ಹೆಚ್ಚಾಗಿ ಇಂಥ ಕಾಗದಗಳಿಂದಲೇ.

ಈ ವಾರ ಮಾಡಬೇಕಾದ್ದು ಇಷ್ಟು. ಮೆಮೊದಲ್ಲಿ ಕೊಟ್ಟ ದಿನದೊಳಗೆ ಉತ್ತರ ಕೊಡಿ. ಸಾಲದಿದ್ದರೆ ಇನ್ನಷ್ಟು ದಿನ ಬೇಕೆಂದು ಬರೆದುಕೊಡಿ, ಸುಮ್ಮನಿರುವುದು ಮಾತ್ರ ಬೇಡ. ಉತ್ತರ ಒಂದು ಪುಟ ಮೀರದಿರಲಿ. ಬಸ್ ನಂಬರು, ಟ್ರಿಪ್ಪು, ಹೊತ್ತು, ಮೊದಲೇ ಕೊಟ್ಟ ದೂರು, ವಿಡಿಯೊ ಯಾರಿಗೆ ಯಾಕೆ ತೋರಿಸಿದಿರಿ, ಹೊರಗೆ ಹೋಗಿದ್ದು ನಿಮ್ಮಿಂದ ಅಲ್ಲ ಎಂಬುದು, ಅಜ್ಜಿಯ ವಿಷಯಕ್ಕೆ ವಿಷಾದ. ‘ನಿಮ್ಮ ಆಡಳಿತ’, ‘ದಬ್ಬಾಳಿಕೆ’ ಇಂಥ ಮಾತು ಬೇಡ. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಸಹಿ ಹಾಕಿಸಿಕೊಳ್ಳಿ. ಆ ಪ್ರತಿಯ ಫೋಟೊ ತೆಗೆದಿಟ್ಟುಕೊಳ್ಳಿ. ಗ್ರೂಪಿಗೆ ಹಾಕಬೇಡಿ ಮಾರಾಯರೆ.